ಮ್ಯಾಚ್‌ಬಾಕ್ಸ್ ಕೊಳ್ಳೋದು, ಮ್ಯಾಚ್‌ಬುಕ್ ಪುಕ್ಕಟೆ ಸಿಗೋದು

ಪ್ರಶ್ನೆ: ಹಳೆಯ ಅಮೆರಿಕನ್ ಪತ್ತೇದಾರಿ ಕಾದಂಬರಿ ಓದೋದು ನನ್ನ ಹವ್ಯಾಸ. ಅವುಗಳಲ್ಲಿ ಆಗಾಗ ‘ಮ್ಯಾಚ್‌ಬುಕ್’ ಅನ್ನುವ ಪದ ಬರುತ್ತದೆ. ಸತ್ತವನ ಜೇಬಲ್ಲಿ ಅದು ಸಿಗುತ್ತದೆ, ತೆರೆದು ನೋಡಿದರೆ ಒಳಗೆ ಫೋನ್ ನಂಬರ್ ಬರೆದಿರುತ್ತದೆ. ಬೆಂಕಿಪೊಟ್ಟಣದ ಒಳಗೆ ಯಾರಾದರೂ ನಂಬರ್ ಯಾಕೆ ಬರೀತಾರೆ? ಮ್ಯಾಚ್‌ಬುಕ್, ಮ್ಯಾಚ್‌ಬಾಕ್ಸ್ ಎರಡೂ ಒಂದೇ ಅಲ್ವಾ? ಇನ್ನೊಂದು ವಿಷಯ. ನನ್ನ ಮಗಳ ಇಂಗ್ಲಿಷ್ ಟೀಚರ್ ‘ಮ್ಯಾಚ್‌ಬಾಕ್ಸ್’ ಬೇರೆ, ‘ಬಾಕ್ಸ್ ಆಫ್ ಮ್ಯಾಚಸ್’ ಬೇರೆ ಅಂತ ಹೇಳಿದ್ದಾರಂತೆ. ಅದೂ ಅರ್ಥವಾಗಲಿಲ್ಲ. ಕೊನೆಯದಾಗಿ, ನಮ್ಮ ಮಾವನವರು ಎಪ್ಪತ್ತರ ದಶಕದಲ್ಲಿ ಹಡಗಿನಲ್ಲಿ ಕೆಲಸ ಮಾಡುತ್ತಿದ್ದಾಗ ತಂದ ಚಪ್ಪಟೆ ಪೊಟ್ಟಣಗಳು ಒಂದು ಡಬ್ಬಿ ತುಂಬ ಇವೆ. ಕೆಲವದರಲ್ಲಿ ಕಡ್ಡಿ ಇನ್ನೂ ಇವೆ. ಅವನ್ನು ಹೇಗೆ ಇಟ್ಟುಕೊಳ್ಳಬೇಕು? (ಓದುಗರು, ಕಾರವಾರ)

ಉತ್ತರ: ಎರಡೂ ಬೇರೆ ಬೇರೆ ವಸ್ತುಗಳು. ನಿಮಗೆ ಗೊಂದಲ ಆಗಿದ್ದರಲ್ಲಿ ಆಶ್ಚರ್ಯವೇನಿಲ್ಲ. ಒಂದು ನಮ್ಮ ಮನೆಮನೆಯ ದೇವರಗೂಡಿನಲ್ಲೂ ಇರುತ್ತದೆ. ಇನ್ನೊಂದನ್ನು ನಮ್ಮಲ್ಲಿ ಬಹಳ ಜನ ಕಣ್ಣಿಂದ ನೋಡಿಯೇ ಇಲ್ಲ, ಸಿನಿಮಾದಲ್ಲಿ ನೋಡಿದ್ದರೂ ಗಮನಿಸಿರುವುದಿಲ್ಲ.

ಮ್ಯಾಚ್‌ಬಾಕ್ಸ್ ಅಂದರೆ ನಮ್ಮ ಬೆಂಕಿಪೊಟ್ಟಣವೇ. ಹಳೇ ಮೈಸೂರು ಕಡೆ ಬೆಂಕಿಪೊಟ್ಟಣ ಅನ್ನುತ್ತೇವೆ, ಉತ್ತರ ಕರ್ನಾಟಕದಲ್ಲಿ ಕಡ್ಡಿಪೆಟ್ಟಿಗೆ ಅನ್ನುತ್ತಾರೆ. ಹೆಸರು ಯಾವುದಾದರೂ ವಸ್ತು ಅದೇ. ಒಳಗೊಂದು ಪುಟ್ಟ ಪೆಟ್ಟಿಗೆ, ಅದರ ಮೇಲೆ ಎರಡೂ ತುದಿ ತೆರೆದಿರುವ ಇನ್ನೊಂದು ಕವಚ. ಒಳಗಿನದನ್ನು ಬೆರಳಿಂದ ತಳ್ಳಿದರೆ ಹೊರಗೆ ಬರುತ್ತದೆ. ಕಡ್ಡಿಗಳು ಅದರಲ್ಲಿ ಬಿಡಿಬಿಡಿಯಾಗಿ ಮಲಗಿರುತ್ತವೆ. ಕವಚದ ಅಕ್ಕಪಕ್ಕದಲ್ಲಿ ಗೀರುವ ಪಟ್ಟಿ.

ಮ್ಯಾಚ್‌ಬುಕ್‌ನಲ್ಲಿ ಪೆಟ್ಟಿಗೆಯೇ ಇಲ್ಲ. ಇರೋದು ಮಡಿಚಿದ ಒಂದು ತುಂಡು ದಪ್ಪ ಕಾಗದ, ಅಷ್ಟೆ. ಕಡ್ಡಿಗಳೂ ಮರದವಲ್ಲ, ರಟ್ಟಿನವು. ಅವು ಬಾಚಣಿಗೆಯ ಹಲ್ಲಿನ ಹಾಗೆ ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಸಾಮಾನ್ಯವಾಗಿ ಒಂದು ಸಾಲಿಗೆ 10ರಂತೆ ಎರಡು ಸಾಲು, ಒಟ್ಟು 20 ಕಡ್ಡಿ. ಆ ಬುಡವನ್ನೂ ಹೊರಗಿನ ಕಾಗದವನ್ನೂ ಸೇರಿಸಿ ಒಂದು ಸ್ಟೇಪಲ್ ಪಿನ್ ಹೊಡೆದಿರುತ್ತಾರೆ. ಮೇಲಿನ ಮುಚ್ಚಳವನ್ನು ಪುಸ್ತಕದ ರಟ್ಟು ತೆರೆದಂತೆ ತೆರೆಯಬೇಕು. ಒಂದು ಕಡ್ಡಿಯನ್ನು ಹಿಡಿದು ಕೀಳಬೇಕು. ಮುಚ್ಚಳ ಮುಚ್ಚಿ, ಅದರ ತುದಿಯನ್ನು ಕೆಳಗಿನ ಮಡಿಕೆಗೆ ಸಿಕ್ಕಿಸಿ, ಆಮೇಲೆ ಗೀರಬೇಕು. ಈ ಕ್ರಮ ಯಾಕೆ ಮುಖ್ಯ ಅನ್ನೋದನ್ನು ಮುಂದೆ ಹೇಳುತ್ತೇನೆ.

ನಿಘಂಟು ನೋಡಿದರೆ ಇಷ್ಟೇ ಸಿಗುತ್ತದೆ: ಒಂದು ಡಬ್ಬಿ, ಒಂದು ಮಡಿಕೆ. ಆದರೆ ನನ್ನ ಪ್ರಕಾರ ಅಸಲಿ ವ್ಯತ್ಯಾಸ ಆಕಾರದಲ್ಲಿಲ್ಲ. ದುಡ್ಡು ಯಾರು ಕೊಡುತ್ತಾರೆ ಅನ್ನೋದರಲ್ಲಿದೆ. ಮ್ಯಾಚ್‌ಬಾಕ್ಸನ್ನು ನೀವು ಅಂಗಡಿಯಲ್ಲಿ ಕಾಸು ಕೊಟ್ಟು ತರುತ್ತೀರಿ. ಮ್ಯಾಚ್‌ಬುಕ್ಕಿಗೆ ಕಾಸು ಕೊಡೋದು ಹೋಟೆಲ್, ಬಾರು, ಬ್ಯಾಂಕು, ಸಿಗರೇಟ್ ಕಂಪನಿ. ನಿಮ್ಮ ಕೈಗೆ ಅದು ಪುಕ್ಕಟೆಯಾಗಿ ಬರುತ್ತದೆ. ಕಾದಂಬರಿಯ ಸತ್ತವನ ಜೇಬಲ್ಲಿ ಅದು ಯಾಕಿತ್ತು, ಅದರ ಮೇಲೆ ಯಾಕೆ ಬರೆದಿದ್ದರು, ನಮ್ಮ ದೇಶಕ್ಕೆ ಅದು ಯಾಕೆ ಹತ್ತಲಿಲ್ಲ ಅನ್ನೋದೆಲ್ಲ ಇದರಿಂದಲೇ ತಿಳಿಯುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಇಂಗ್ಲೆಂಡಿನ ಸ್ಟಾಕ್ಟನ್ ಅನ್ನುವ ಊರಿನಲ್ಲಿ ಜಾನ್ ವಾಕರ್ ಅಂತ ಒಬ್ಬ ಔಷಧಿ ವ್ಯಾಪಾರಿ ಇದ್ದ. ಗೀರಿ ಹೊತ್ತಿಸುವ ಕಡ್ಡಿಯನ್ನು ಮೊದಲು ಮಾಡಿ ಮಾರಿದವನು ಅವನೇ. ಅವನ ಲೆಕ್ಕದ ಪುಸ್ತಕದಲ್ಲಿ 1827ರ ಏಪ್ರಿಲ್ 7ರಂದು ಒಂದು ಮಾರಾಟ ದಾಖಲಾಗಿದೆ. 100 ಕಡ್ಡಿಗೆ ಒಂದು ಶಿಲ್ಲಿಂಗ್, ಅವನ್ನು ಇಟ್ಟುಕೊಳ್ಳೋಕೆ ತಗಡಿನ ಡಬ್ಬಿ ಬೇಕಾದರೆ ಬೇರೆ ಎರಡು ಪೆನ್ಸ್. ಅಂದರೆ ಆಗ ಕಡ್ಡಿ ಬೇರೆ ಸಾಮಾನು, ಡಬ್ಬಿ ಬೇರೆ ಸಾಮಾನು. ಜೊತೆಗೆ ಮಡಿಚಿದ ಒಂದು ತುಂಡು ಮರಳುಕಾಗದ ಕೊಡುತ್ತಿದ್ದ. ಅದರ ನಡುವೆ ಕಡ್ಡಿ ಇಟ್ಟು ಎಳೆದರೆ ಹೊತ್ತಿಕೊಳ್ಳುತ್ತಿತ್ತು. ವಾಕರ್ ಪೇಟೆಂಟ್ ಮಾಡಿಸಲಿಲ್ಲ. ಬೇರೆಯವರು ಅದನ್ನೇ ನಕಲು ಮಾಡಿ ದುಡ್ಡು ಮಾಡಿಕೊಂಡರು.

ಮುಂದೆ ಬಂದದ್ದು ಬಿಳಿ ರಂಜಕದ ಕಡ್ಡಿಗಳು. ಅವು ಗೋಡೆಗೆ, ಬೂಟಿಗೆ, ಎಲ್ಲಿ ತಿಕ್ಕಿದರೂ ಹೊತ್ತುತ್ತಿದ್ದವು. ಹಾಗಾಗಿ ಅವನ್ನು ಎಂಥ ಡಬ್ಬಿಯಲ್ಲಿಟ್ಟರೂ ನಡೆಯುತ್ತಿತ್ತು. ಆದರೆ ಕಾರ್ಖಾನೆಯಲ್ಲಿ ಅದರ ಹೊಗೆ ಕುಡಿದವರ ದವಡೆಯ ಮೂಳೆಯೇ ಕೊಳೆಯುತ್ತಿತ್ತು. 1888ರಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಹೆಣ್ಣುಮಕ್ಕಳು ಮುಷ್ಕರ ಹೂಡಿದ್ದು ಹೆಸರಾದ ಘಟನೆ. ಅವರ ದೂರುಗಳಲ್ಲಿ ಇದೂ ಒಂದು. 1906ರ ಬರ್ನ್ ಒಪ್ಪಂದದ ನಂತರ ಒಂದೊಂದೇ ದೇಶ ಬಿಳಿ ರಂಜಕದ ಕಡ್ಡಿಯನ್ನು ನಿಷೇಧಿಸಿತು. ಭಾರತದಲ್ಲಿ ಅದಕ್ಕೆ 1913ರಲ್ಲಿ ಕಾನೂನು ಬಂತು.

ನಾವು ಇವತ್ತು ಬಳಸುವ ಸೇಫ್ಟಿ ಕಡ್ಡಿ ಸ್ವೀಡನ್ನಿನದು. ಗುಸ್ತಾಫ್ ಎರಿಕ್ ಪಾಶ್ 1844ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಯಾನ್‌ಶೋಪಿಂಗ್ ಊರಿನ ಲುಂಡ್‌ಸ್ಟ್ರೋಮ್ ಅಣ್ಣತಮ್ಮಂದಿರು ಅದನ್ನು ಸುಧಾರಿಸಿ 1855ರ ಪ್ಯಾರಿಸ್ ಪ್ರದರ್ಶನಕ್ಕೆ ತಂದರು. ಇದರ ಜಾಣತನ ಒಂದೇ ಮಾತಲ್ಲಿ ಹೇಳಬಹುದು: ಹೊತ್ತಲು ಬೇಕಾದ ಮದ್ದನ್ನು ಎರಡು ಪಾಲು ಮಾಡಿ ಬೇರೆ ಬೇರೆ ಇಟ್ಟರು. ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್, ಗಂಧಕ, ಅಂಟು. ಡಬ್ಬಿಯ ಪಟ್ಟಿಯಲ್ಲಿ ಕೆಂಪು ರಂಜಕ, ಗಾಜಿನ ಪುಡಿ. ಗೀರಿದಾಗ ಉಜ್ಜುವ ಬಿಸಿಗೆ ಪಟ್ಟಿಯಲ್ಲಿರುವ ಕೆಂಪು ರಂಜಕದ ಒಂದು ಕಣ ಹೊತ್ತಿಕೊಂಡು ತಲೆಯ ಮದ್ದಿಗೆ ಬೆಂಕಿ ದಾಟಿಸುತ್ತದೆ. ನೆಲಕ್ಕೋ ಗೋಡೆಗೋ ಉಜ್ಜಿದರೆ ಸಾಮಾನ್ಯವಾಗಿ ಹೊತ್ತೋದಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಸೇಫ್ಟಿ ಕಡ್ಡಿ ಬಂದ ಮೇಲೆ ಡಬ್ಬಿ ಅನ್ನೋದು ಬರೀ ತುಂಬಿಡುವ ಡಬ್ಬಿಯಾಗಿ ಉಳಿಯಲಿಲ್ಲ. ಬೆಂಕಿಯ ಅರ್ಧ ಪಾಲು ಅದರಲ್ಲೇ ಇದೆ. ಮಳೆಗಾಲದಲ್ಲಿ ಪಟ್ಟಿ ನೆನೆದು ಕಿತ್ತುಹೋದರೆ, ಒಳಗಿನ ಕಡ್ಡಿ ಎಷ್ಟೇ ಒಣಗಿದ್ದರೂ ಪ್ರಯೋಜನವಿಲ್ಲ. ಅಕ್ಕಿ ಸುರಿಯುವ ಡಬ್ಬ ಬದಲಾದರೆ ಅಕ್ಕಿಗೇನೂ ಆಗೋದಿಲ್ಲ. ಕಡ್ಡಿಯ ಕಥೆ ಹಾಗಲ್ಲ.

ಈಗ ಮ್ಯಾಚ್‌ಬುಕ್. ಅದು ಪೂರ್ತಿ ಅಮೆರಿಕದ ಕೂಸು. ಪೆನ್ಸಿಲ್ವೇನಿಯಾದ ಜೋಶುವಾ ಪ್ಯೂಸಿ ಅನ್ನುವ ಪೇಟೆಂಟ್ ವಕೀಲ 1892ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಸೂಟು ಹಾಕಿಕೊಂಡಾಗ ಜೇಬಲ್ಲಿ ದಪ್ಪ ಬೆಂಕಿಪೊಟ್ಟಣ ಉಬ್ಬಿಕೊಂಡು ಕಾಣುತ್ತದೆ ಅಂತ ಅವನಿಗೆ ಮುಜುಗರವಾಗಿತ್ತು, ಅದಕ್ಕೇ ಚಪ್ಪಟೆ ಮಾಡಿದ ಅಂತ ಒಂದು ಕಥೆ ಓಡಾಡುತ್ತದೆ. ಕಥೆ ನಿಜವೋ ಸುಳ್ಳೋ, ವಸ್ತುವನ್ನು ನೋಡಿದರೆ ನಂಬಬೇಕು ಅನ್ನಿಸುತ್ತದೆ. ಅದನ್ನು ಮಾಡಿರೋದೇ ಅಂಗಿ ಜೇಬಿಗಾಗಿ. ಒಲೆಗೂಡಿಗಾಗಿ ಅಲ್ಲ.

ಪ್ಯೂಸಿಯ ಮೊದಲ ನಮೂನೆಯಲ್ಲಿ ಒಂದು ದೊಡ್ಡ ಎಡವಟ್ಟಿತ್ತು. ಗೀರುವ ಪಟ್ಟಿಯನ್ನು ಮುಚ್ಚಳದ ಒಳಗಡೆ, ಕಡ್ಡಿಗಳ ತಲೆಗೆ ಹತ್ತಿರದಲ್ಲೇ ಇಟ್ಟಿದ್ದ. ಒಂದು ಕಡ್ಡಿ ಗೀರಿದರೆ ಕಿಡಿ ಹಾರಿ ಉಳಿದವೂ ಒಟ್ಟಿಗೆ ಭಗ್ ಅನ್ನುವ ಅಪಾಯ. ಪೇಟೆಂಟನ್ನು ಕೊಂಡ ಡೈಮಂಡ್ ಮ್ಯಾಚ್ ಕಂಪನಿ ಪಟ್ಟಿಯನ್ನು ಹೊರಗೆ ತಂದಿತು. ಆಮೇಲೂ ಜನ ಮುಚ್ಚಳ ತೆರೆದಿಟ್ಟೇ ಗೀರುತ್ತಿದ್ದರು. ಅದಕ್ಕೇ ‘ಗೀರುವ ಮುನ್ನ ಮುಚ್ಚಳ ಮುಚ್ಚಿ’ ಅನ್ನುವ ಸಾಲು ಬಂತು. ಅಮೆರಿಕದಲ್ಲಿ ಕೋಟಿಗಟ್ಟಲೆ ಮ್ಯಾಚ್‌ಬುಕ್‌ಗಳ ಮೇಲೆ ಆ ಇಂಗ್ಲಿಷ್ ಸಾಲು ಅಚ್ಚಾಗಿದೆ. ನಿಮ್ಮ ಮಾವನವರ ಡಬ್ಬಿಯಲ್ಲೂ ಖಂಡಿತ ಸಿಗುತ್ತದೆ, ನೋಡಿ.

ಮ್ಯಾಚ್‌ಬುಕ್ಕಿನ ನಸೀಬು ತೆರೆದದ್ದು ಜಾಹೀರಾತಿನಿಂದ. 1890ರ ದಶಕದಲ್ಲಿ ಮೆಂಡೆಲ್ಸನ್ ಅನ್ನುವ ಒಂದು ಒಪೆರಾ ತಂಡದವರು ಮೇಲೆ ಏನೂ ಅಚ್ಚಾಗದ ಮ್ಯಾಚ್‌ಬುಕ್‌ಗಳನ್ನು ತಂದು, ಕೈಯಲ್ಲೇ ಚಿತ್ರ ಅಂಟಿಸಿ, ತಮ್ಮ ನಾಟಕದ ಪ್ರಚಾರ ಬರೆದು ಹಂಚಿದರು. ಅವುಗಳಲ್ಲಿ ಒಂದೇ ಒಂದು ಉಳಿದಿದೆ ಅಂತ ಸಂಗ್ರಾಹಕರು ಹೇಳುತ್ತಾರೆ. ಇದನ್ನು ದೊಡ್ಡ ವ್ಯಾಪಾರ ಮಾಡಿದವನು ಡೈಮಂಡ್ ಕಂಪನಿಯ ಹೆನ್ರಿ ಟ್ರಾಟ್ ಅನ್ನುವ ಸೇಲ್ಸ್‌ಮನ್. ಅವನು ಪಾಬ್‌ಸ್ಟ್ ಅನ್ನುವ ಬಿಯರ್ ಕಂಪನಿಯಿಂದ 1 ಕೋಟಿ ಮ್ಯಾಚ್‌ಬುಕ್ಕಿನ ಆರ್ಡರ್ ತಂದ, ಮುಂದೆ ರಿಗ್ಲಿ ಚ್ಯೂಯಿಂಗ್ ಗಮ್‌ನವರಿಂದ 100 ಕೋಟಿಯ ಆರ್ಡರ್ ಬಂತು ಅಂತ ಆ ಉದ್ಯಮದವರು ಇವತ್ತಿಗೂ ಹೇಳಿಕೊಳ್ಳುತ್ತಾರೆ.

ಲೆಕ್ಕ ಎಷ್ಟು ಸಲೀಸು ನೋಡಿ. 20 ಕಡ್ಡಿ ಇದ್ದರೆ ಸೇದುವವನು 20 ಸಲ ಆ ಪುಟ್ಟ ಕಾಗದವನ್ನು ಜೇಬಿನಿಂದ ತೆಗೆಯುತ್ತಾನೆ, 20 ಸಲ ಆ ಹೋಟೆಲಿನ ಹೆಸರು ಕಣ್ಣಿಗೆ ಬೀಳುತ್ತದೆ. ಪತ್ರಿಕೆಯಲ್ಲಿ ಕೊಟ್ಟ ಜಾಹೀರಾತು ಒಂದು ದಿನಕ್ಕೆ ರದ್ದಿ. ಇದು ವಾರಗಟ್ಟಲೆ ಜೇಬಲ್ಲೇ ಓಡಾಡುತ್ತದೆ. ಹಾಗಾಗಿ ಆಗ ಅಮೆರಿಕದಲ್ಲಿ ಸಿಗರೇಟ್ ಪ್ಯಾಕ್ ಕೊಂಡರೆ ಜೊತೆಗೊಂದು ಮ್ಯಾಚ್‌ಬುಕ್ ಉಚಿತವಾಗಿ ಸಿಗುತ್ತಿತ್ತು. ಹೋಟೆಲ್ ರೂಮಿನ ಬೂದಿ ತಟ್ಟೆಯಲ್ಲಿ ಒಂದು, ಬಾರಿನ ಕೌಂಟರಿನಲ್ಲಿ ಒಂದು ಬುಟ್ಟಿ ತುಂಬ. ಮದುವೆಗೆ ಹುಡುಗ ಹುಡುಗಿಯ ಹೆಸರು ಹಾಕಿಸಿ ಹಂಚೋದು, ಚುನಾವಣೆಗೆ ಅಭ್ಯರ್ಥಿಯ ಮುಖ ಹಾಕಿಸಿ ಹಂಚೋದು. ನಮ್ಮಲ್ಲಿ ಬಟ್ಟೆ ಅಂಗಡಿಯವರು ಹೊಸ ವರ್ಷಕ್ಕೆ ಕ್ಯಾಲೆಂಡರ್ ಕೊಡುತ್ತಾರಲ್ಲ, ಅದೇ ಬುದ್ಧಿ.

ಈಗ ನಿಮ್ಮ ಪತ್ತೇದಾರಿಗೆ ಬರೋಣ. ಮ್ಯಾಚ್‌ಬುಕ್ ಅಂಗಡಿಯಿಂದ ತಂದದ್ದಲ್ಲ, ಆದ್ದರಿಂದ ಅದರ ಮೇಲೆ ಕಾರ್ಖಾನೆಯ ಹೆಸರಿಗಿಂತ ದೊಡ್ಡದಾಗಿ ಅದನ್ನು ಕೊಟ್ಟ ಜಾಗದ ಹೆಸರು ಇರುತ್ತದೆ. ಎಷ್ಟೋ ಸಲ ವಿಳಾಸ, ಫೋನ್ ನಂಬರ್ ಸಮೇತ. ಸತ್ತವನ ಜೇಬಲ್ಲಿ ಅದು ಸಿಕ್ಕರೆ ಅವನು ಯಾವ ಊರಿನ ಯಾವ ಬಾರಿಗೆ ಹೋಗಿದ್ದ ಅಂತ ಗೊತ್ತಾಗುತ್ತದೆ. ಮುಚ್ಚಳದ ಒಳಮೈ ಎಷ್ಟೋ ಸಲ ಖಾಲಿ, ಬಿಳಿ. ಬಾರಿನಲ್ಲಿ ಪರಿಚಯವಾದವರ ನಂಬರ್ ಬರೆದುಕೊಳ್ಳಲು ಬೇರೆ ಕಾಗದ ಇಲ್ಲದಿದ್ದರೆ ಕೈಗೆ ಸಿಗುವುದು ಅದೇ. ಕಥೆಗಾರರು ಇದನ್ನು ಎಷ್ಟು ಉಜ್ಜಿದ್ದಾರೆಂದರೆ, ಈಗ ಮ್ಯಾಚ್‌ಬುಕ್ ಕಂಡ ಕೂಡಲೇ ಓದುಗರೇ ‘ಇಲ್ಲಿದೆ ಸುಳಿವು’ ಅನ್ನುತ್ತಾರೆ. ಅದೇ ಜಾಗದಲ್ಲಿ ಕನ್ನಡ ಅನುವಾದಕರು ‘ಬೆಂಕಿಪೊಟ್ಟಣ’ ಅಂತ ಹಾಕಿದರೆ ಪತ್ತೇದಾರನ ತರ್ಕವೇ ಕುಸಿಯುತ್ತದೆ. ಕಾರವಾರದ ಕಿರಾಣಿ ಅಂಗಡಿಯ ಪೊಟ್ಟಣ ಬೀದರಿನಲ್ಲೂ ಸಿಗುತ್ತದೆ, ಅದರಿಂದ ಯಾರ ಜಾಡೂ ಹಿಡಿಯೋಕಾಗಲ್ಲ. ಇಂಥ ಕಡೆ ‘ಮ್ಯಾಚ್‌ಬುಕ್’ ಅಂತಲೇ ಬಿಟ್ಟು, ಮೊದಲ ಸಲ ಬಂದಾಗ ‘ಹೋಟೆಲಿನವರು ಕೊಡುವ ಮಡಿಕೆ ಬೆಂಕಿಪೊಟ್ಟಣ’ ಅಂತ ಒಂದು ಮಾತು ಸೇರಿಸಿದರೆ ಸಾಕು.

ಪುಕ್ಕಟೆಯ ಮಾತಿಗೆ ಒಂದು ದೊಡ್ಡ ಅಪವಾದ ಇದೆ, ಅದನ್ನು ಮುಚ್ಚಿಡುವುದಿಲ್ಲ. ಜಪಾನಿನಲ್ಲಿ ಕಾಫಿ ಅಂಗಡಿ, ಬಾರುಗಳು ಸಣ್ಣ ಡಬ್ಬಿಗಳನ್ನೇ ಜಾಹೀರಾತಿಗೆ ಹಂಚುತ್ತಿದ್ದವು. ಎಷ್ಟು ಚಂದದ ಚಿತ್ರಗಳು ಅಂತೀರಿ! ಅಲ್ಲಿ ಡಬ್ಬಿಯೂ ಪುಕ್ಕಟೆ. ನಿಮ್ಮ ಮಾವನವರ ಹಡಗು ಆ ಕಡೆ ಹೋಗಿದ್ದರೆ ಡಬ್ಬಿಯಲ್ಲಿ ಅಂಥವೂ ಇರಬಹುದು.

ನಮ್ಮಲ್ಲಿ ಯಾಕೆ ಮ್ಯಾಚ್‌ಬುಕ್ ಬೇರೂರಲಿಲ್ಲ? ಮೊದಲ ಕಾರಣ, ನಮಗೆ ಕಡ್ಡಿ ಬೇಕಿದ್ದದ್ದು ಬರೀ ಬೀಡಿ ಸಿಗರೇಟಿಗಲ್ಲ. ಸೌದೆ ಒಲೆ, ಸೀಮೆಎಣ್ಣೆ ಸ್ಟೌ, ಕಂದೀಲು, ದೇವರ ದೀಪ, ಊದುಬತ್ತಿ. ರಟ್ಟಿನ ಕಡ್ಡಿ ಗಿಡ್ಡ, ಮೆತ್ತಗೆ. ದೀಪದ ಬತ್ತಿಗೆ ಹಿಡಿಯುವಷ್ಟರಲ್ಲಿ ಬೆರಳು ಸುಡುತ್ತದೆ. ಮೇಲಾಗಿ ನಿಮ್ಮ ಕರಾವಳಿಯ ಜೂನ್ ತಿಂಗಳ ಗಾಳಿಗೆ ರಟ್ಟಿನ ಕಡ್ಡಿ ಗೀರುವಾಗಲೇ ಬಗ್ಗುತ್ತದೆ. ಬೂರುಗದಂಥ ಹಗುರ ಮರದ ಕಡ್ಡಿ ಹಾಗಲ್ಲ, ನೆಟ್ಟಗೆ ನಿಂತು ಉರಿಯುತ್ತದೆ.

ಎರಡನೆಯದು ದುಡ್ಡಿನ ವಿಷಯ. ನಮ್ಮ ಮಾರುಕಟ್ಟೆಯಲ್ಲಿ ಬೆಂಕಿಪೊಟ್ಟಣ ಅನ್ನೋದು ಪೈಸೆ ಲೆಕ್ಕದ ಸಾಮಾನು. 2007ರಲ್ಲಿ 50 ಪೈಸೆಯಿಂದ 1 ರೂಪಾಯಿ ಆಯಿತು. ಆಮೇಲೆ 14 ವರ್ಷ ಅದೇ ಬೆಲೆ. 2021ರ ಡಿಸೆಂಬರ್ 1ರಿಂದ 2 ರೂಪಾಯಿ ಮಾಡಿದಾಗ ದೇಶದ ಎಲ್ಲ ಪತ್ರಿಕೆಗಳಲ್ಲೂ ಅದೇ ಸುದ್ದಿ. ಪೆಟ್ರೋಲ್ ಎಷ್ಟೋ ಸಲ ಏರಿದರೂ ಇಷ್ಟು ಬೆರಗಾಗದ ಜನ, ಬೆಂಕಿಪೊಟ್ಟಣ ದುಬಾರಿಯಾಯಿತು ಅಂದಾಗ ಬೆರಗಾದರು. ಇಷ್ಟು ಅಗ್ಗದ ವಸ್ತುವನ್ನು ಪುಕ್ಕಟೆ ಕೊಟ್ಟರೆ ಗಿರಾಕಿಗೆ ಅದೇನೂ ದೊಡ್ಡ ಉಡುಗೊರೆ ಅನ್ನಿಸುವುದಿಲ್ಲ. ದೊಡ್ಡ ಹೋಟೆಲುಗಳು, ವಿಮಾನ ಕಂಪನಿಗಳು ಮ್ಯಾಚ್‌ಬುಕ್ ಮಾಡಿಸಿದ್ದುಂಟು. ಅದು ಅಲ್ಲಿಗೇ ನಿಂತಿತು.

ಮೂರನೆಯದು, ನಮ್ಮ ಉದ್ಯಮ ಬೆಳೆದ ರೀತಿ. ಇಪ್ಪತ್ತನೆಯ ಶತಮಾನದ ಶುರುವಿನಲ್ಲಿ ನಮಗೆ ಕಡ್ಡಿ ಬರುತ್ತಿದ್ದದ್ದು ಸ್ವೀಡನ್ ಮತ್ತು ಜಪಾನಿನಿಂದ. ಜಪಾನಿನವರು ನಮ್ಮ ದೇವರುಗಳ ಚಿತ್ರವನ್ನೇ ಅಚ್ಚುಹಾಕಿ ಕಳಿಸುತ್ತಿದ್ದರು. 1923ರಲ್ಲಿ ಸ್ವೀಡಿಷ್ ಕಂಪನಿಯೊಂದು ಇಲ್ಲಿಯೇ ವಿಮ್ಕೋ ಅನ್ನುವ ಬೆಂಕಿಪೊಟ್ಟಣದ ಕಂಪನಿ ಶುರುಮಾಡಿತು. ಅದೇ ಸುಮಾರಿಗೆ ಶಿವಕಾಶಿಯ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಎಂಬ ಇಬ್ಬರು ಕಲ್ಕತ್ತಾಗೆ ಹೋಗಿ ಈ ಕೆಲಸ ಕಲಿತು ಬಂದರು. ಶಿವಕಾಶಿ, ಸಾತ್ತೂರು, ಕೋವಿಲ್‌ಪಟ್ಟಿಯ ಒಣಭೂಮಿಯಲ್ಲಿ ಮಳೆ ಕಡಿಮೆ, ಬೇಸಾಯ ಕಷ್ಟ. ಕಡ್ಡಿ ಒಣಗಲು ಬಿಸಿಲು ಬೇಕಾದಷ್ಟು, ಕೆಲಸಕ್ಕೆ ಕೈಗಳೂ ಬೇಕಾದಷ್ಟು. ಅಲ್ಲಿ ಬೆಳೆದದ್ದು ಕೈಕೆಲಸದ ಉದ್ಯಮ: ಡಬ್ಬಿ ಮಡಿಚೋದು, ಕಡ್ಡಿ ಜೋಡಿಸೋದು, ತುಂಬೋದು. ಬಹುಕಾಲ ಅಲ್ಲಿ ಮಕ್ಕಳ ಕೈಗಳೂ ಇದ್ದವು ಅನ್ನೋದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಬಿಡಿ ಕಡ್ಡಿಯ ಡಬ್ಬಿ ಕೈಕೆಲಸಕ್ಕೆ ಒಗ್ಗುತ್ತದೆ. ಮ್ಯಾಚ್‌ಬುಕ್ ಹಾಗಲ್ಲ. ರಟ್ಟನ್ನು ಸಾಲಾಗಿ ಸೀಳಿ, ಮೇಣಕ್ಕೆ ಅದ್ದಿ, ಮದ್ದು ಹಚ್ಚಿ, ಪಿನ್ ಹೊಡೆಯುವ ಇಡೀ ಕೆಲಸ ಯಂತ್ರದ್ದು. ಅಷ್ಟು ಬಂಡವಾಳ ಹಾಕಿ ಪುಕ್ಕಟೆ ಹಂಚುವ ವಸ್ತು ಮಾಡೋಕೆ ಶಿವಕಾಶಿಯವರಿಗೆ ಹುಚ್ಚೇ?

ಅಂದಹಾಗೆ ಶಿವಕಾಶಿಗೆ ಜಾಹೀರಾತು ಗೊತ್ತಿಲ್ಲ ಅಂತಲ್ಲ. ಅವರ ಡಬ್ಬಿಯ ಮೇಲಿನ ಚಿತ್ರ ಕಡ್ಡಿಯದೇ ಜಾಹೀರಾತು. ಓದು ಬಾರದ ಗಿರಾಕಿಯೂ ‘ಚಿರತೆ ಫೈಟಿಂಗ್ ಕೊಡಿ’ ಅಂತ ಕೇಳಬೇಕು. ಮ್ಯಾಚ್‌ಬುಕ್ಕಿನ ಚಿತ್ರ ಬೇರೆಯವರ ಅಂಗಡಿಗೆ ಕರೆಯುತ್ತದೆ, ಮ್ಯಾಚ್‌ಬಾಕ್ಸಿನ ಚಿತ್ರ ಮತ್ತೆ ಅದೇ ಡಬ್ಬಿ ಕೊಳ್ಳಲು ಕರೆಯುತ್ತದೆ.

ಈಗ ಮಗಳ ಟೀಚರ್ ಹೇಳಿದ ವಿಷಯ. ಅವರು ಹೇಳಿದ್ದು ಸರಿ. ಇಂಗ್ಲಿಷಿನಲ್ಲಿ ‘ಬಾಕ್ಸ್ ಆಫ್ ಮ್ಯಾಚಸ್’ ಅಂದರೆ ಕಡ್ಡಿ ತುಂಬಿದ ಡಬ್ಬಿ. ಗಮನ ಕಡ್ಡಿಯ ಮೇಲೆ. ‘ಮ್ಯಾಚ್‌ಬಾಕ್ಸ್’ ಅಂದರೆ ಆ ಡಬ್ಬಿ. ಅದರಲ್ಲಿ ಕಡ್ಡಿ ಇರಬಹುದು, ಇಲ್ಲದಿರಬಹುದು. ಕನ್ನಡದಲ್ಲೂ ಇದು ಇದೆಯಲ್ಲ! ‘ಒಂದು ಲೋಟ ಕಾಫಿ’ ಅಂದರೆ ಕುಡಿಯಬಹುದು. ‘ಕಾಫಿ ಲೋಟ’ ಅಂದರೆ ತೊಳೆಯಲು ಹಾಕಿದ್ದೂ ಆಗಬಹುದು. ಟೀ ಕಪ್, ಒಂದು ಕಪ್ ಟೀ, ಅದೂ ಹಾಗೇ. ಮಗಳಿಗೆ ಈ ಉದಾಹರಣೆ ಕೊಡಿ, ಮರೆಯೋದಿಲ್ಲ.

ಆದರೆ ನಮ್ಮ ದೇಶದ ಇಂಗ್ಲಿಷಿನಲ್ಲಿ ಅಂಗಡಿಗೆ ಹೋಗಿ ‘ಒಂದು ಮ್ಯಾಚ್‌ಬಾಕ್ಸ್ ಕೊಡಿ’ ಅಂದರೆ ಯಾರೂ ಖಾಲಿ ಡಬ್ಬಿ ಕೊಡುವುದಿಲ್ಲ. ಅದು ನಮ್ಮ ಬಳಕೆ, ನನಗದು ತಪ್ಪು ಅನ್ನಿಸುವುದಿಲ್ಲ. ಪರೀಕ್ಷೆಯಲ್ಲಿ ಮಾತ್ರ ಟೀಚರ್ ಹೇಳಿದಂತೆ ಬರೆಯಲಿ. ಕನ್ನಡದ ಬೆಂಕಿಪೊಟ್ಟಣವೂ ಎರಡೂ ಕೆಲಸ ಮಾಡುತ್ತದೆ. ಖಾಲಿಯಾದರೆ ‘ಖಾಲಿ ಬೆಂಕಿಪೊಟ್ಟಣ’ ಅಂತ ಬಾಯಿಬಿಟ್ಟು ಹೇಳುತ್ತೇವೆ.

ಈ ಖಾಲಿ ಡಬ್ಬಿಗೆ ಒಂದು ಮರುಜನ್ಮ ಇದೆ, ಮ್ಯಾಚ್‌ಬುಕ್ಕಿಗೆ ಇಲ್ಲ. ನಾವೆಲ್ಲ ಚಿಕ್ಕವರಿದ್ದಾಗ ಎರಡು ಡಬ್ಬಿಗೆ ದಾರ ಕಟ್ಟಿ ಫೋನ್ ಮಾಡಿದ್ದೇವೆ, ಸಾಲಾಗಿ ಜೋಡಿಸಿ ರೈಲು ಬಿಟ್ಟಿದ್ದೇವೆ, ಜೀರುಂಡೆ ಹಿಡಿದು ಸಾಕಿದ್ದೇವೆ. ತೆಲಂಗಾಣದ ಸಿರಿಸಿಲ್ಲದ ನೇಕಾರರು ಬೆಂಕಿಪೊಟ್ಟಣದಲ್ಲಿ ಹಿಡಿಸುವಷ್ಟು ನಯವಾದ ಸೀರೆ ನೇಯ್ದು ಹೆಸರು ಮಾಡಿದ್ದಾರೆ. 1953ರಲ್ಲಿ ಶುರುವಾದ ‘ಮ್ಯಾಚ್‌ಬಾಕ್ಸ್’ ಆಟಿಕೆ ಕಾರುಗಳ ಹೆಸರೂ ಇಲ್ಲಿಂದಲೇ. ಲಂಡನ್ನಿನ ಲೆಸ್ನಿ ಕಂಪನಿಯ ಜ್ಯಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ ಬೆಂಕಿಪೊಟ್ಟಣದಲ್ಲಿ ಹಿಡಿಸುವ ಆಟಿಕೆ ಮಾತ್ರ ತರಬಹುದು ಅಂತ ನಿಯಮ ಇತ್ತು. ಅಪ್ಪ ಅಷ್ಟು ಪುಟ್ಟ ರೋಡ್ ರೋಲರ್ ಮಾಡಿಕೊಟ್ಟರು. ಕಡ್ಡಿ ಮುಗಿದ ಮ್ಯಾಚ್‌ಬುಕ್ಕಿನಲ್ಲಿ ಏನನ್ನೂ ಇಡೋಕಾಗಲ್ಲ. ಉಳಿಯೋದು ಹೊದಿಕೆಯ ಕಾಗದ ಒಂದೇ. ಸಂಗ್ರಾಹಕರು ಅದಕ್ಕೆ ಮ್ಯಾಚ್‌ಕವರ್ ಅಂತಲೇ ಬೇರೆ ಹೆಸರಿಟ್ಟಿದ್ದಾರೆ.

ಇಂಟರ್‌ನೆಟ್ಟಿನಲ್ಲಿ ಹುಡುಕುವಾಗ ಒಂದು ಎಚ್ಚರ. ‘ಬುಕ್ ಮ್ಯಾಚ್’ ಅಂತ ಹೊಡೆದರೆ ಮಾರ್ಬಲ್ ಚಪ್ಪಡಿಗಳ ಚಿತ್ರ ರಾಶಿ ಬರುತ್ತದೆ. ಅಕ್ಕಪಕ್ಕದ ಎರಡು ಚಪ್ಪಡಿಯ ಗೆರೆಗಳು ತೆರೆದ ಪುಸ್ತಕದ ಎರಡು ಪುಟದಂತೆ ಹೊಂದುವ ಹಾಗೆ ಜೋಡಿಸುವ ಕೆಲಸ ಅದು. ಬೆಂಕಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ನಿಮ್ಮ ಮಾವನವರ ಡಬ್ಬಿ. ಮೊದಲು ಮ್ಯಾಚ್‌ಬುಕ್‌ಗಳನ್ನೂ ಸಣ್ಣ ಡಬ್ಬಿಗಳನ್ನೂ ಬೇರೆ ಮಾಡಿ. ಆಮೇಲೆ ಒಂದೊಂದೇ ಅಮೆರಿಕನ್ ಮ್ಯಾಚ್‌ಬುಕ್ ತೆಗೆದು ಗೀರುವ ಪಟ್ಟಿ ಎಲ್ಲಿದೆ ನೋಡಿ. ತೆರೆಯುವ ಬದಿಯಲ್ಲೇ, ಅಂದರೆ ಮುಂದುಗಡೆ ಇದ್ದರೆ ಅದು ಹಳೆಯ ಮಾದರಿ. ಹಿಂಬದಿಯಲ್ಲಿದ್ದರೆ ಆಮೇಲಿನದು. ಎಪ್ಪತ್ತರ ದಶಕದಲ್ಲಿ ಪಟ್ಟಿ ಹಿಂದಕ್ಕೆ ಹೋಗುತ್ತ ಬಂತು, 1978ರಲ್ಲಿ ಅಮೆರಿಕದ ಕೇಂದ್ರ ಸರಕಾರದ ನಿಯಮ ಅದನ್ನು ಕಡ್ಡಾಯ ಮಾಡಿತು. ಮುಚ್ಚಳ ಮುಚ್ಚದೆ ಗೀರುವವರನ್ನು ಒಂದು ಸಾಲಿನ ಎಚ್ಚರಿಕೆಯಿಂದ ತಿದ್ದೋಕಾಗಲಿಲ್ಲ, ಪಟ್ಟಿಯನ್ನೇ ಆಚೆ ಬದಿಗೆ ಹಾಕಿದರು. ಮಾವನವರು ಅದೇ ದಶಕದಲ್ಲಿ ಓಡಾಡಿದ್ದರಿಂದ ನಿಮ್ಮ ಡಬ್ಬಿಯಲ್ಲಿ ಎರಡೂ ಥರ ಇರುವ ಸಾಧ್ಯತೆ ಜಾಸ್ತಿ.

ಮ್ಯಾಚ್‌ಕವರ್ ಸಂಗ್ರಹಿಸುವವರು ಸಾಮಾನ್ಯವಾಗಿ ಕಡ್ಡಿ ತೆಗೆದುಬಿಡುತ್ತಾರೆ. ಹಿಂಬದಿಯಿಂದ ಸ್ಟೇಪಲ್ ಪಿನ್ನಿನ ಎರಡು ಕಾಲನ್ನು ಮೆಲ್ಲಗೆ ಎಬ್ಬಿಸಿ, ಪಿನ್ ಹೊರಗೆಳೆಯಿರಿ. ಕಡ್ಡಿಯ ಸಾಲು ತಾನಾಗಿ ಬಿಟ್ಟುಕೊಳ್ಳುತ್ತದೆ. ಹೊದಿಕೆಯನ್ನು ಬಿಡಿಸಿ ದಪ್ಪ ಪುಸ್ತಕದ ನಡುವೆ ಕೆಲವು ದಿನ ಒತ್ತಿಡಿ. ಗೀರುವ ಪಟ್ಟಿಯನ್ನು ಕತ್ತರಿಸಬೇಡಿ, ಪಟ್ಟಿ ಇಲ್ಲದ ಹೊದಿಕೆಗೆ ಬೆಲೆ ಇಲ್ಲ. ಗೋಂದು ಹಾಕಿ ಆಲ್ಬಂಗೆ ಅಂಟಿಸೋದು, ಲ್ಯಾಮಿನೇಷನ್ ಮಾಡಿಸೋದು ಎರಡೂ ಬೇಡ. ಹಳೆಯ ಫೋಟೊ ಇಡುವ ಪಾರದರ್ಶಕ ಜೇಬಿನ ಹಾಳೆಗಳು ಸಾಕು. ಕಾರವಾರದ ತೇವಕ್ಕೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ತುಂಬ ಅಪರೂಪದ್ದು, ಇಡೀ ಮ್ಯಾಚ್‌ಬುಕ್ ಹಾಗೆಯೇ ಚೆನ್ನಾಗಿದೆ ಅನ್ನಿಸಿದರೆ ಒಂದೆರಡನ್ನು ಕಡ್ಡಿ ಸಮೇತ ಇಟ್ಟುಕೊಳ್ಳಬಹುದು. ಆದರೆ ಗಾಡ್ರೇಜ್ ಬೀರುವಿನ ಬಟ್ಟೆಗಳ ನಡುವೆ ಬೇಡ. ತಗಡಿನ ಡಬ್ಬಿಯಲ್ಲಿ, ಒಂದೊಂದನ್ನೂ ಬೇರೆ ಬೇರೆ ಕವರಿನಲ್ಲಿಡಿ.

ಜಪಾನಿನದೋ ನಮ್ಮದೋ ಮರದ ಹಳೆ ಡಬ್ಬಿಗಳಿದ್ದರೆ ಅವುಗಳ ಮೇಲಿನ ಚಿತ್ರದ ಚೀಟಿ ಮಾತ್ರ ಬಿಡಿಸುವ ಪದ್ಧತಿ ಇದೆ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿದರೆ ಚೀಟಿ ಬಿಡುತ್ತದೆ. ಮೊದಲು ಮೂಲೆಯಲ್ಲಿ ಒಂದು ಹನಿ ಹಾಕಿ ಬಣ್ಣ ಬಿ‌ಡುತ್ತದೆಯೇ ನೋಡಿಕೊಳ್ಳಿ. ನನ್ನನ್ನು ಕೇಳಿದರೆ ಡಬ್ಬಿಯನ್ನು ಡಬ್ಬಿಯಾಗಿಯೇ ಬಿಡಿ. ಚೀಟಿಗಳು ಬೇಕಾದಷ್ಟು ಸಿಗುತ್ತವೆ, ಮರದ ಸಿಪ್ಪೆಯ ಡಬ್ಬಿ ಈಗ ಎಲ್ಲಿದೆ? ಎಲ್ಲವೂ ರಟ್ಟಿನದಾಗಿದೆ.

ಬೇರೆ ಊರಿನ ಸಂಗ್ರಾಹಕರ ಜೊತೆ ವಿನಿಮಯ ಮಾಡುವ ಯೋಚನೆ ಇದ್ದರೆ ಖಾಲಿ ಹೊದಿಕೆಗಳನ್ನು ಮಾತ್ರ ಕಳಿಸಿ. ಕಡ್ಡಿ ಇರುವುದನ್ನು ಅಂಚೆಯಲ್ಲಿ ಕಳಿಸುವಂತಿಲ್ಲ, ವಿಮಾನದ ಸಾಮಾನಿನಲ್ಲೂ ಹಾಕುವಂತಿಲ್ಲ. ತೆಗೆದ ಕಡ್ಡಿಸಾಲುಗಳನ್ನು ಹಾಗೇ ಕಸದ ಬುಟ್ಟಿಗೆ ಎಸೆಯಬೇಡಿ. ಒಂದು ಬಕೆಟ್ ನೀರಲ್ಲಿ ಒಂದು ರಾತ್ರಿ ನೆನೆಹಾಕಿ, ಮದ್ದು ಕರಗಿ ಮೆತ್ತಗಾದ ಮೇಲೆ ಎಸೆಯಿರಿ.